ಮರಗಾಲಿಗೆ ಮೊದಲು ಎಡಗಾಲು

ದೀಪಾವಳಿ ಮುಗಿದ ಮೊದಲ ಸೋಮವಾರ ಬೆಳಿಗ್ಗೆ ಒಬ್ಬ ಟೇಲರ್ ನಮ್ಮ ಜಿಮ್ಮಿಗೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ಮೊದಲ ಮನುಷ್ಯ ಅವರೇ. ನಲವತ್ತು ದಾಟಿದ ವಯಸ್ಸು, ಕೊರಳಲ್ಲಿ ಅಳತೆಯ ಟೇಪು, ನಡಿಗೆಯಲ್ಲಿ ಸಣ್ಣದೊಂದು ಕುಂಟು. ನೇರವಾಗಿ ಕನ್ನಡಿಯ ಮುಂದೆ ಹೋಗಿ ನಿಂತು ಎಡಗಾಲಿನ ಪೈಜಾಮವನ್ನು ತೊಡೆಯವರೆಗೆ ಮೇಲೆ ಸರಿಸಿದರು. ತೊಡೆಯ ಹೊರಬದಿಯಲ್ಲಿ ಗೇಣುದ್ದದ ಹೊಲಿಗೆಯ ಗುರುತಿತ್ತು.

"ಸರ, ಈ ಕಾಲು ಮರಗಾಲಿಗೆ ತಯಾರ ಮಾಡಿ ಕೊಡ್ರಿ," ಅಂದರು.

ಯುಗಾದಿಗೆ ಮುಂಚೆ ನಮ್ಮ ಕಡೆಯಿಂದ ಸಾವಿರಾರು ಜನ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ನಡೆದು ಹೋಗುತ್ತಾರೆ. ಅವರಲ್ಲಿ ಕೆಲವರು ನೆಲಕ್ಕೆ ಪಾದ ಊರದೆ ಮರಗಾಲಿನ ಮೇಲೆ ಹೋಗುತ್ತಾರೆ. ಆಳಿಗಿಂತ ಉದ್ದದ ಎರಡು ಬಿದಿರು ಗಳ, ಸೊಂಟದೆತ್ತರದಲ್ಲಿ ಪಾದ ಇಡಲು ಬಡಿದ ಮರದ ತುಂಡು, ಪಾದಕ್ಕೆ ಬಟ್ಟೆಯ ಕಟ್ಟು. ಗಳದ ಮೇಲಿನ ತುದಿಯನ್ನು ಕೈಯಲ್ಲಿ ಹಿಡಿದು ದಿನವಿಡೀ ನಡೆಯುತ್ತಾರೆ. ಚಿಕ್ಕಂದಿನಿಂದ ಮನೆ ಮುಂದೆ ಹಾದುಹೋಗುವುದನ್ನು ನೋಡಿದ್ದೆ. ಕೆಳಗಿನಿಂದ ನೋಡುವವರಿಗೆ ಅದು ಸುಲಭವಾಗಿ ಕಾಣುತ್ತದೆ.

ಎರಡು ವರ್ಷದ ಹಿಂದೆ ಮನಗೂಳಿ ರಸ್ತೆಯಲ್ಲಿ ಟೇಲರ್ ಅವರ ಬೈಕಿಗೆ ಒಂದು ಟ್ರ್ಯಾಕ್ಟರ್ ಬಡಿದು ಎಡತೊಡೆಯ ಎಲುಬು ಮುರಿದಿತ್ತು. ಒಳಗೆ ಉಕ್ಕಿನ ರಾಡು ಹಾಕಿದ್ದರು. ಈ ಕಾಲ ಮೇಲೆ ಮತ್ತೆ ನಿಂತರೆ ಮರಗಾಲಿನಲ್ಲಿ ಬರುತ್ತೇನೆ ಎಂದು ಆಸ್ಪತ್ರೆಯ ಮಂಚದ ಮೇಲೆ ಮಲಗಿ ಹರಕೆ ಹೊತ್ತಿದ್ದರು. ಕಾಲೇನೋ ನಿಂತಿತು. ಆದರೆ ಮಾಂಸ ಕರಗಿ ಕೋಲಾಗಿತ್ತು. ಎಲುಬು ಕೂಡಿದೆ, ಬಲ ಬರಬೇಕು ಅಷ್ಟೆ ಎಂದು ಡಾಕ್ಟರು ಹೇಳಿದ್ದರಂತೆ. "ಬಿದ್ದ್ರ ಮಾತ್ರ ನನ್ನ ಕಡೆ ಬರಬ್ಯಾಡ" ಅಂತಲೂ ಹೇಳಿದ್ದರಂತೆ. ಆ ಕಾಲು ಇನ್ನೊಮ್ಮೆ ಮುರಿದರೆ ಹೊಲಿಗೆ ಯಂತ್ರದ ಪೆಡಲ್ ತುಳಿಯುವುದಕ್ಕೂ ಉಳಿಯುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ.

ನಾನು ತರಬೇತಿ ಕೊಡುವ ಜಿಮ್ ಬಸವನ ಬಾಗೇವಾಡಿಯ ಹಳೆಯ ಹತ್ತಿ ಗೋದಾಮಿನಲ್ಲಿದೆ. ಒಂದು ಉದ್ದ ರಾಡು, ಜೋಡಿ ತಪ್ಪಿದ ಕೆಲವು ಪ್ಲೇಟು, ಡಂಬೆಲ್, ಎರಡು ಬೆಂಚು, ಬೆನ್ನಿಗೆ ಎಳೆಯುವ ಒಂದು ಯಂತ್ರ, ಗೋಡೆ ತುಂಬ ಕನ್ನಡಿ. ರಾಡನ್ನು ಹೆಗಲ ಎತ್ತರಕ್ಕೆ ಇಡುವ ಸ್ಟ್ಯಾಂಡ್ ಕೂಡ ಇಲ್ಲ. ಮಾಲೀಕರಿಗೆ ಇಂಡಿಯಲ್ಲೂ ಸಿಂದಗಿಯಲ್ಲೂ ಜಿಮ್ ಇವೆ. ಕಾಲಿನ ಯಂತ್ರಗಳೆಲ್ಲ ಅಲ್ಲಿಗೇ ಹೋಗಿದ್ದವು. ಅವತ್ತೇ ಫೋನ್ ಮಾಡಿ ಒಂದಾದರೂ ಕಳಿಸಿ ಎಂದು ಕೇಳಿದೆ.

"ಬಾಗೇವಾಡಿ ಹುಡುಗ್ರು ಕಾಲ ಎಲ್ಲಿ ಮಾಡ್ತಾರೋ? ಎಲ್ಲಾರಿಗೂ ಎದಿ ಬೇಕು, ತೋಳ ಬೇಕು. ಇದ್ದದ್ರಾಗ ಮಾಡು," ಎಂದು ಫೋನಿಟ್ಟರು.

ಮಾಲೀಕರ ಮಾತು ಸುಳ್ಳಲ್ಲ. ಪಕ್ಕದಲ್ಲಿ ತೋಳು ಮಾಡುತ್ತಿದ್ದ ಕಾಲೇಜು ಹುಡುಗನೊಬ್ಬ ಟೇಲರ್ ಅವರನ್ನು ನೋಡಿ ನಕ್ಕ. "ಕಾಲಿಗೆ ಪ್ಯಾಂಟ್ ಇರ್ತೈತ್ರಿ ಕಾಕಾ. ಯಾರ ನೋಡ್ತಾರ?"

"ನಾ ನೋಡ್ತೇನಲ್ಲೋ. ಮ್ಯಾಲೆ ಪೈಲ್ವಾನ, ಕೆಳಗ ಕೊಕ್ಕರಿ. ನಿನ್ನ ಪ್ಯಾಂಟ್ ಹೊಲದ ಮ್ಯಾಲೆ ಉಳಿದ ಅರಿವಿಯೊಳಗ ನಿನ್ನ ತಮ್ಮಗೊಂದು ಚಡ್ಡಿ ಆತು."

ಹುಡುಗರೆಲ್ಲ ನಕ್ಕರು. ಆ ಹುಡುಗ ಮರುದಿನದಿಂದ ಒಂದು ವಾರ ಚಡ್ಡಿ ಬಿಟ್ಟು ಪೈಜಾಮ ಹಾಕಿಕೊಂಡು ಬಂದ.

ನನಗೆ ಎಲ್ಲವನ್ನೂ ಬರೆದಿಡುವ ಅಭ್ಯಾಸ. ಮೊದಲ ದಿನ ಮಂಡಿ ಚಿಪ್ಪಿನಿಂದ ಗೇಣು ಮೇಲೆ ಎರಡೂ ತೊಡೆಗೆ ಅವರದೇ ಚಾಕ್‌ಪೀಸಿನಿಂದ ಗೆರೆ ಎಳೆದು, ಅವರದೇ ಟೇಪಿನಿಂದ ಅಳೆದೆವು. ಎಡತೊಡೆ ಬಲತೊಡೆಗಿಂತ ಎರಡೂವರೆ ಇಂಚು ಸಣ್ಣದು. ಬೆಂಚಿನ ಮೇಲೆ ಕೂತು ಎಡಗಾಲೊಂದರಿಂದ ಏಳಿ ಎಂದೆ. ಎದ್ದೇಳುವುದಿರಲಿ, ಪೃಷ್ಠ ಬೆಂಚು ಬಿಟ್ಟು ಕದಲಲಿಲ್ಲ.

"ಮರಗಾಲು ತಗೊಂಡು ಬರ್ರಿ ಅಣ್ಣಾರ, ಒಮ್ಮೆ ಹತ್ತಿ ನೋಡೂಣು," ಅಂದೆ. ಕೆಲಸ ಯಾವುದು ಎಂದು ನೋಡದೆ ಕಾಲನ್ನು ಹೇಗೆ ತಯಾರು ಮಾಡುವುದು?

ಅವರು ಕೆನ್ನೆ ಮುಟ್ಟಿಕೊಂಡರು. "ಛೇ, ಛೇ. ಶಿವರಾತ್ರಿ ಪೂಜಿ ಆಗೂತನಕ ಅವನ್ನ ಮುಟ್ಟಂಗಿಲ್ರಿ. ಮುತ್ಯಾನ ಮನ್ಯಾಗ ಜಂತಿಗೆ ಕಟ್ಟ್ಯಾರ."

ಮುತ್ಯಾ ಅಂದರೆ ಅವರ ಗುಂಪಿನ ಹಿರಿಯ. ಅವರ ಗುಂಪಿನ ಪದ್ಧತಿ ಹಾಗೆ. ಗಳಗಳು ವರ್ಷಪೂರ್ತಿ ಜಂತಿಯಲ್ಲಿ ತೂಗುತ್ತಿರುತ್ತವೆ. ಶಿವರಾತ್ರಿಯಂದು ಇಳಿಸಿ, ತೊಳೆದು, ವಿಭೂತಿ ಹಚ್ಚಿ ಪೂಜೆ ಮಾಡಿದ ಮೇಲೆಯೇ ಅವುಗಳ ಮೇಲೆ ಪಾದ ಇಡಬೇಕು. ಪೂಜೆಗೂ ಹೊರಡುವುದಕ್ಕೂ ನಡುವೆ ಸಿಗುವುದು ಎರಡು ವಾರ. ಅಂದರೆ ಮೂರು ತಿಂಗಳಿಗೂ ಮೇಲೆ ನಾನು ಒಬ್ಬ ಮನುಷ್ಯನನ್ನು, ಅವನು ಮುಟ್ಟಲೂ ಬಾರದ ಒಂದು ಕೆಲಸಕ್ಕೆ ತಯಾರು ಮಾಡಬೇಕಿತ್ತು. ನಾನಂತೂ ಮರಗಾಲನ್ನು ಹತ್ತಿದವನೇ ಅಲ್ಲ.

ಬೆಂಚಿನ ಮೇಲೆ ಇಟ್ಟಿಗೆ ಜೋಡಿಸಿ ಎತ್ತರ ಮಾಡಿ ಶುರು ಮಾಡಿದೆವು. ಎತ್ತರದಿಂದ ಏಳುವುದು ಸುಲಭ. ಎರಡೂ ಕಾಲಿನಿಂದ ಏಳುವುದು, ಎಡಗಾಲೊಂದರಿಂದ ಮೆಲ್ಲಗೆ ಕೂರುವುದು. ಇಳಿಯುವಾಗ ನಾಲ್ಕು ಎಣಿಸಬೇಕು; ಕುಸಿಯಬಾರದು. ವಾರಕ್ಕೊಮ್ಮೆ ಒಂದು ಇಟ್ಟಿಗೆ ತೆಗೆಯುವುದು. ಎಡಮಂಡಿ ಪ್ರತಿ ಸಲ ಒಳಗೆ ವಾಲುತ್ತಿತ್ತು. ಸೈಕಲ್ ಅಂಗಡಿಯಿಂದ ಹಳೆಯ ಟ್ಯೂಬ್ ತಂದು ಎರಡೂ ಮಂಡಿಗೆ ಸುತ್ತಿ, ಅದನ್ನು ಹೊರಗೆ ತಳ್ಳುತ್ತಲೇ ಕೂತೇಳಿ ಎಂದೆ. ಹಿಮ್ಮಡಿ ಎತ್ತುವುದಕ್ಕೆ ಬಾಗಿಲ ಹೊಸ್ತಿಲು, ಏರಿ ಇಳಿಯುವುದಕ್ಕೆ ಹಿಂದೆ ಹತ್ತಿಯ ಮೂಟೆ ಇಳಿಸುತ್ತಿದ್ದ ಕಟ್ಟೆ.

ಭಾರ ಹೊರಿಸುವ ಹಂತ ಬಂದಾಗ ತೊಡಕಾಯಿತು. ಸ್ಟ್ಯಾಂಡ್ ಇಲ್ಲದೆ ರಾಡನ್ನು ಹೆಗಲಿಗೇರಿಸುವುದು ಆ ಕಾಲಿಗೆ ಅಪಾಯ. ಟೇಲರ್ ಅವರಿಗೆ ಹೀಗೆ ಎಂದು ಹೇಳಿದೆ. ಮರುದಿನ ಅವರು ಲಾರಿಗೆ ಹೊದಿಸುವ ತಾಡಪತ್ರಿಯಲ್ಲಿ ಹೊಲಿದ ಒಂದು ಅಂಗಿ ತಂದರು. ತೋಳಿಲ್ಲದ ದಪ್ಪ ಅಂಗಿ, ಮುಂದೆ ಹಿಂದೆ ಸಾಲಾಗಿ ಜೇಬುಗಳು, ಪ್ರತಿ ಜೇಬಿಗೂ ಮುಚ್ಚುವ ಪಟ್ಟಿ. ಜೇಬಿಗೆ ಉಸುಕು ತುಂಬಬೇಕು. ಭಾರ ಬೇಕಾದರೆ ಇನ್ನೊಂದು ಜೇಬು, ಬೇಡವಾದರೆ ಖಾಲಿ. ಅದನ್ನು ತೊಟ್ಟು ನೋಡಿದೆ. ಭಾರವೆಲ್ಲ ಸಮನಾಗಿ ಮೈಗೆ ಅಂಟಿಕೊಂಡಿತ್ತು. ಹೆಗಲು ಎಲ್ಲೂ ಒತ್ತಲಿಲ್ಲ. ಇಂಡಿ ಜಿಮ್ಮಿನ ಯಂತ್ರವನ್ನು ನಾನು ಆಮೇಲೆ ಕೇಳಲಿಲ್ಲ.

ಆರನೆಯ ವಾರ ನನಗೆ ಆಸೆ ಹೆಚ್ಚಾಯಿತು. ಒಂದೇ ದಿನ ನಾಲ್ಕು ಜೇಬು ತುಂಬಿದೆ. ಅವರು ಏನೂ ಅನ್ನದೆ ಮಾಡಿದರು. ಮರುದಿನ ಮಂಡಿ ಬಾತು ಪೇರಲಹಣ್ಣಿನಂತಾಗಿತ್ತು ಎಂದು ಗೊತ್ತಾದದ್ದು ಅವರಿಂದಲ್ಲ, ಅವರ ಹೆಂಡತಿಯಿಂದ.

ನಮ್ಮ ಜಿಮ್ಮಿಗೆ ಹೆಂಗಸರು ಬರುವುದಿಲ್ಲ. ಅವರ ಹೆಂಡತಿ ಶಟರಿನ ಹೊರಗೇ ನಿಂತು ಕರೆದರು. ಅಣ್ಣನ ಹೆಂಡತಿಗೆ ನಮ್ಮ ಕಡೆ ವೈನಿ ಎನ್ನುತ್ತಾರೆ; ನನಗೆ ಅವರು ವೈನಿ. ಒಳಗೆ ಬರಿಮೈಯಲ್ಲಿದ್ದ ಹುಡುಗರು ತಮ್ಮ ಅಂಗಿ ಹುಡುಕತೊಡಗಿದರು.

"ತಮ್ಮಾ, ನೀ ಅವರಿಗೆ ಕಾಲ ಮಾಡಿ ಕೊಡಾಂವನೋ, ಮುರದು ಕೊಡಾಂವನೋ?"

"ತಪ್ಪಾತ್ರಿ ವೈನಿ. ಭಾರ ಜಾಸ್ತಿ ಹೊರಿಸಿದೆ. ಹತ್ತು ದಿನ ಸುಮ್ಮ ಕುಂದರಲಿ, ಇಳೀತೈತಿ."

"ಸುಮ್ಮ ಕುಂದ್ರೂ ಮನಷ್ಯಾ ಏನು ಅದು?" ಅವರು ದನಿ ತಗ್ಗಿಸಿದರು. "ಆ ಕಾಲು ಮೂರು ತಿಂಗಳು ನನ್ನ ಕೈಯಾಗ ಇತ್ತು. ತೆಲಿದಿಂಬಿನ ಮ್ಯಾಲೆ ಎತ್ತಿ ಇಡಾಕಿ ನಾನ, ಇಳಸಾಕಿ ನಾನ. ಇವರು ಬರೇ ನಡಕೊಂತ ಹ್ವಾದ್ರೂ ಮಲ್ಲಯ್ಯ ಒಲ್ಲೆ ಅನ್ನಂಗಿಲ್ಲ. ನೀ ಒಂದ ಮಾತು ಹೇಳು, ಮರಗಾಲು ಆಗಂಗಿಲ್ಲ ಅಂತ. ನಾ ಹೇಳಿದ್ರ ಹೆಂಡ್ತಿ ಮಾತು. ನೀ ಹೇಳಿದ್ರ ಕೇಳ್ತಾರ."

ಶಿವರಾತ್ರಿಯ ತನಕ ಸಮಯ ಕೊಡಿ ಎಂದೆ.

ಬಾವು ಇಳಿದ ಮೇಲೆ ಜೇಬು ಖಾಲಿ ಮಾಡಿ ಮತ್ತೆ ಶುರು ಮಾಡಿದೆವು. ಈ ಸಲ ನಾನು ಅವಸರ ಮಾಡಲಿಲ್ಲ. ಸಂಕ್ರಾಂತಿಯ ಮರುದಿನ ಕೊನೆಯ ಇಟ್ಟಿಗೆಯನ್ನೂ ತೆಗೆದಿದ್ದೆವು. ಅವರು ಬರೀ ಬೆಂಚಿನಿಂದ, ಎಡಗಾಲೊಂದರ ಮೇಲೆ, ಕೈ ಮುಂದೆ ಚಾಚಿ ಎದ್ದು ನಿಂತರು. ಮಂಡಿಯ ಒಳಬದಿಯಲ್ಲಿ, ಚರ್ಮದ ಕೆಳಗೆ, ನೀರಹನಿಯ ಆಕಾರದ ಒಂದು ಸ್ನಾಯು ಉಬ್ಬಿ ಕಾಣಿಸಿತು. ನವೆಂಬರಿನಲ್ಲಿ ಆ ಜಾಗದಲ್ಲಿ ಒಂದು ತಗ್ಗಿತ್ತು. ಎರಡು ವರ್ಷ ಕೆಲಸ ಮರೆತು ಮಲಗಿದ್ದ ಮಾಂಸ, ಕೇಳಿದರೆ ಎದ್ದು ಬರುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಕಣ್ಣೆದುರು ನೋಡಿದ್ದು ಅದೇ ಮೊದಲು. ಟೇಪು ಕೆಳಗಿಟ್ಟು ಆ ಜಾಗವನ್ನು ಬೆರಳಿನಿಂದ ಒತ್ತಿ ನೋಡಿದೆ.

"ಯಾಕ್ರಿ ಸರ, ಮತ್ತ ಬಾತೈತೇನು?" ಎಂದು ಅವರು ಗಾಬರಿಯಾದರು.

ಶಿವರಾತ್ರಿ ಹತ್ತಿರ ಬಂದಂತೆ ಸಮತೋಲದ ಅಭ್ಯಾಸ ಹೆಚ್ಚಿಸಿದೆ. ಅಡ್ಡ ನಿಲ್ಲಿಸಿದ ಇಟ್ಟಿಗೆಯ ಮೇಲೆ ಒಂಟಿಗಾಲಿನಲ್ಲಿ ನಿಲ್ಲುವುದು. ಮೊದಲು ಕಣ್ಣು ತೆರೆದು, ಆಮೇಲೆ ಮುಚ್ಚಿ. "ಅಲುಗಾಡಬ್ಯಾಡ್ರಿ ಅಣ್ಣಾರ, ಕಂಬ ಆಗ್ರಿ ಕಂಬ," ಎಂದು ನಾನು ದಿನವೂ ಹೇಳುತ್ತಿದ್ದೆ. ಅವರು ಕಂಬವೇ ಆದರು. ರೇಡಿಯೋದಲ್ಲಿ ಒಂದು ಹಾಡು ಮುಗಿಯುವ ತನಕ ಎಡಗಾಲಲ್ಲಿ ಮಿಸುಕದೆ ನಿಂತರು. ಹುಡುಗರು ಚಪ್ಪಾಳೆ ತಟ್ಟಿದರು.

ಪೂಜೆಯ ಮರುದಿನ ಬೆಳಿಗ್ಗೆ ಊರ ಹೊರಗಿನ ಬಯಲಿಗೆ ಹೋದೆವು. ಮುತ್ಯಾ ಬಂದಿದ್ದರು, ಗುಂಪಿನವರು ಆರೇಳು ಜನ ಇದ್ದರು. ಟೇಲರ್ ಟ್ರ್ಯಾಕ್ಟರ್ ಟ್ರಾಲಿಯ ಅಂಚಿನ ಮೇಲೆ ಕೂತು ಪಾದ ಕಟ್ಟಿಸಿಕೊಂಡು, "ಮಲ್ಲಯ್ಯಾ" ಎಂದು ಎದ್ದು ನಿಂತರು. ಬೆನ್ನು ನೇರ, ಮಂಡಿ ಸ್ಥಿರ. ನಾನು ಕಲಿಸಿದ ಹಾಗೆಯೇ ಕಂಬದಂತೆ ನಿಂತರು. ಮರುಕ್ಷಣ ಕಡಿದ ಮರದಂತೆ ಮುಂದಕ್ಕೆ ಬಿದ್ದರು. ಕೆಳಗಿದ್ದ ಇಬ್ಬರು ಅರ್ಧ ಹಿಡಿದರು, ಅಂಗೈ ತರಚಿತು. ಎರಡನೆಯ ಸಲವೂ ಬಿದ್ದರು, ಮೂರನೆಯ ಸಲವೂ. ಮೂರನೆಯ ಸಲ ಎಡಗಾಲು ಗಳದ ಸಮೇತ ಅವರ ಮೈಕೆಳಗೆ ಸಿಕ್ಕಿತು. ಕಟ್ಟು ಬಿಚ್ಚಿ, ತೊಡೆ ಒತ್ತಿ, ಮಂಡಿ ಮಡಚಿ ನೋಡಿದೆ. ಏನೂ ಆಗಿರಲಿಲ್ಲ. ಆದರೆ ಅವರ ಮುಖ ಬಿಳುಚಿಕೊಂಡಿತ್ತು.

"ಇಟ್ಟಿಗಿ ಮ್ಯಾಲೆ ನಿಂತಿದ್ನಲ್ರಿ ಸರ," ಎಂದಷ್ಟೇ ಅಂದರು.

ಕಾಲಿನಲ್ಲಿ ಬಲವಿತ್ತು, ಅದು ನನಗೆ ಗೊತ್ತಿತ್ತು. ಹಾಗಾದರೆ ಬೀಳಿಸಿದ್ದು ಏನು? ನಾನೇ ಹತ್ತಿ ನೋಡುತ್ತೇನೆ ಎಂದೆ. ಹರಕೆ ಇಲ್ಲದವನು ಹತ್ತಬಹುದೇ ಎಂದು ಗುಂಪಿನಲ್ಲಿ ಗುಸುಗುಸು ಆಯಿತು. ಮುತ್ಯಾ ತಂಬಾಕು ಉಗುಳಿ ಬಂದು, "ಹತ್ತಲಿ ಬಿಡ್ರಿ. ಬಿದ್ದ ಮ್ಯಾಲೆ ಹರಕಿ ತಾನ ಹೊರತಾನ," ಅಂದರು.

ಮೊದಲ ಸಲ ಎದ್ದು ನಿಂತ ಕೂಡಲೇ ಬಿದ್ದೆ. ಎರಡನೆಯ ಸಲ ಹೆದರಿಕೆಯಿಂದ ಪಾದ ಎತ್ತಿ ಎತ್ತಿ ಇಟ್ಟೆ. ಬೀಳಲಿಲ್ಲ. ಧೈರ್ಯ ಬಂದು ನಿಂತೆ, ಬಿದ್ದೆ. ಮೂರನೆಯ ಸಲ ಬೇಕಂತಲೇ ಇದ್ದಲ್ಲೇ ಟಕಟಕ ಹೆಜ್ಜೆ ಹಾಕುತ್ತ ಇದ್ದೆ. ಗಳದ ತುದಿ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಅದರ ಮೇಲೆ ನಿಲ್ಲುವುದು ಎಂಬುದೇ ಇಲ್ಲ. ವಾಲಿದ ಕಡೆಗೆ ಹೆಜ್ಜೆ ಇಡಬೇಕು, ಮತ್ತೆ ವಾಲುತ್ತದೆ, ಮತ್ತೆ ಹೆಜ್ಜೆ. ಬೀಳುವುದನ್ನು ಪ್ರತಿ ಹೆಜ್ಜೆಯಲ್ಲೂ ಮುಂದಕ್ಕೆ ಹಾಕುತ್ತಾ ಹೋಗುವುದೇ ಮರಗಾಲಿನ ನಡಿಗೆ. ಮೂರು ತಿಂಗಳು ನಾನು ಅವರಿಗೆ ಕಲಿಸಿದ್ದು ನಿಲ್ಲುವುದನ್ನು.

ಮಧ್ಯಾಹ್ನ ವೈನಿ ತಮ್ಮ ಹೊಲಿಗೆ ಅಂಗಡಿಯ ಮುಂದೆ ನನ್ನನ್ನು ತಡೆದರು. ಗಂಡನ ಅಂಗೈಯ ಗಾಯ ನೋಡಿದ್ದರು. "ಈಗರ ಹೇಳತಿಯೋ ಇಲ್ಲೋ?"

ಹೇಳಬಹುದಿತ್ತು. ಬರಿಗಾಲಿನಲ್ಲಿ ನಡೆದು ಹೋಗಿ, ಮಲ್ಲಯ್ಯ ಬೇಡ ಅನ್ನುವುದಿಲ್ಲ ಎಂದು ಹೇಳಿದ್ದರೆ ಟೇಲರ್ ಕೇಳುತ್ತಿದ್ದರು. ಆದರೆ ಬಿದ್ದದ್ದು ಆ ಕಾಲಿನ ದೋಷದಿಂದಲ್ಲ. ಆ ಕಾಲು ನಾನು ಹೇಳಿದ್ದನ್ನೆಲ್ಲ ಮಾಡಿತ್ತು.

"ಒಂದು ವಾರ ಕೊಡ್ರಿ ವೈನಿ. ಅಷ್ಟರೊಳಗ ಆಗಲಿಲ್ಲಂದ್ರ ನಾನ ಬ್ಯಾಡ ಅಂತೇನಿ. ನಿಮ್ಮ ಮುಂದ ಅಂತೇನಿ."

ಉಸುಕಿನ ಅಂಗಿಯನ್ನು ಮೊಳೆಗೆ ತೂಗುಹಾಕಿದೆ. ಜಾಲಿ ಮರದ ಎರಡು ಗೇಣುದ್ದದ ತುಂಡು ಕಡಿಸಿ ಅವರ ಪಾದದ ಕೆಳಗೆ ಕಟ್ಟಿದೆ. ರೇಡಿಯೋ ಹಾಕಿದೆ. ಹಾಡು ಮುಗಿಯುವ ತನಕ ಟಕಟಕ ಹೆಜ್ಜೆ. ಈಗ ನಿಂತರೆ ತಪ್ಪು. ಆಮೇಲೆ ತಿರುಗುವುದು, ಇಳಿಜಾರಿನಲ್ಲಿ ಹಿಂದಕ್ಕೆ ಬರುವುದು, ಯಾರಾದರೂ ಹೆಗಲಿಗೆ ತಟ್ಟಿದರೆ ಆ ಕಡೆಗೆ ಹೆಜ್ಜೆ ಇಟ್ಟು ತಡೆಯುವುದು. ತಟ್ಟುವ ಕೆಲಸಕ್ಕೆ ಹುಡುಗರು ಪಾಳಿ ಹಚ್ಚಿದರು. ಕೊಕ್ಕರಿ ಎನಿಸಿಕೊಂಡವನೇ ಮೊದಲು. ನಾಲ್ಕನೆಯ ದಿನ ಬಯಲಿನಲ್ಲಿ ಮರಗಾಲು ಏರಿದರು. ಹತ್ತು ಹೆಜ್ಜೆ ಹಾಕಿ ಟ್ರಾಲಿ ಹಿಡಿದರು. ಐದನೆಯ ದಿನ ಬಯಲನ್ನು ಒಂದು ಸುತ್ತು ಹಾಕಿದರು.

ವಾರದ ಕೊನೆಯ ದಿನ ವೈನಿ ಬಂದರು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಟೇಲರ್ ಬೇವಿನ ಮರದ ಕೊಂಬೆಯ ಎತ್ತರದಲ್ಲಿ, ಬಿಸಿಲಿಗೆ ಬೆನ್ನು ಕೊಟ್ಟು ನಡೆದು ಬರುತ್ತಿದ್ದರು. ನೆಲದ ಮೇಲಿದ್ದ ಕುಂಟು ಮೇಲೆ ಇರಲಿಲ್ಲ. ಉದ್ದನೆಯ ನೆರಳು ನಮ್ಮಿಬ್ಬರನ್ನೂ ದಾಟಿ ಹೋಯಿತು.

"ತಂತಿ ನೋಡ್ರೀ, ಲೈಟಿನ ತಂತಿ!" ಎಂದು ವೈನಿ ಕೂಗಿದರು. ಆಮೇಲೆ ನನ್ನ ಕಡೆ ತಿರುಗಿ ತಮ್ಮ ಷರತ್ತು ಹೇಳಿದರು. "ಕೃಷ್ಣಾ ಹೊಳಿತನಕ ನೀ ಜೊತಿಗೆ ಹೋಗು. ಅಲ್ಲಿ ಕಾಲು ನೋಡು. ಎಡಗಾಲು ನಡಗಿದ್ರ ಇಳಿಸಿ ಬಸ್ಸಿಗೆ ಹತ್ತಸು. ನಡಗಲಿಲ್ಲಂದ್ರ ಮುಂದಿಂದು ಮಲ್ಲಯ್ಯಗ ಬಿಟ್ಟದ್ದು."

ಟೇಲರ್ ಮೇಲಿನಿಂದಲೇ ಒಪ್ಪಿದರು.

ಇನ್ನೊಂದು ವಾರ ಕಳೆದು, ಗುಂಪಿನ ಜೊತೆ ನಸುಕಿನಲ್ಲಿ ಹೊರಟೆವು. ನಾನು ಹೊಸ ಬೂಟು ಹಾಕಿದ್ದೆ. ಅವರ ಎರಡು ಹೆಜ್ಜೆಗೆ ನನ್ನದು ನಾಲ್ಕು. ಬಿಸಿಲು ಏರಿದಾಗ ಮನೆಗಳ ತಗಡಿನ ಚಾವಣಿಯ ಅಂಚಿಗೆ ಕೂತು ಅವರು ದಣಿವಾರಿಸಿಕೊಳ್ಳುತ್ತಿದ್ದರು. ಮನೆಯವರು ಮಜ್ಜಿಗೆಯ ತಂಬಿಗೆಯನ್ನು ಮೇಲಕ್ಕೆ ಎತ್ತಿ ಕೊಡುತ್ತಿದ್ದರು. ಊರೂರಿನಲ್ಲಿ ಹೆಂಗಸರು ಕೊಡ ತಂದು ಗಳದ ಬುಡಕ್ಕೆ ನೀರು ಹಾಕಿ ಕುಂಕುಮ ಹಚ್ಚುತ್ತಿದ್ದರು. ಮುದ್ದೇಬಿಹಾಳದ ಪ್ರಸಾದದ ಪೆಂಡಾಲಿನಲ್ಲಿ ಎಣ್ಣೆ ಹಚ್ಚಿ ಕಾಲು ತಿಕ್ಕುವವರು ಮೊದಲು ನನ್ನ ಕಾಲನ್ನೇ ಹಿಡಿದರು. ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದ್ದವು.

"ಸರ, ನಿಮ್ಮ ಕಾಲಿಗೆ ಯಾವ ಜಿಮ್ಮರಿ?" ಎಂದು ಟೇಲರ್ ಕೇಳಿದರು. ಪೆಂಡಾಲೆಲ್ಲ ನಕ್ಕಿತು.

ಮೂರನೆಯ ದಿನ ಮಧ್ಯಾಹ್ನ ಕೃಷ್ಣೆಯ ದಡದ ತಂಗಡಗಿ ಮುಟ್ಟಿದೆವು. ಸೇತುವೆಗೆ ಸ್ವಲ್ಪ ಮುಂಚೆ ಒಂದು ಟ್ರಾಲಿಯ ಮೇಲೆ ಅವರನ್ನು ಕೂರಿಸಿ, ಪಾದದ ಕಟ್ಟು ಬಿಚ್ಚಿ, ಪೈಜಾಮ ಮೇಲೆ ಸರಿಸಿದೆ. ಎಡತೊಡೆಯ ಮೇಲೆ ಅಂಗೈ ಇಟ್ಟೆ. ಬಿಸಿಯಾಗಿತ್ತು, ಗಟ್ಟಿಯಾಗಿತ್ತು. ನೂರು ಎಣಿಸಿದೆ. ಮಿಸುಕಲಿಲ್ಲ. ಹೊಲಿಗೆಯ ಗುರುತು ಬೆವರಿನಲ್ಲಿ ಹೊಳೆಯುತ್ತಿತ್ತು.

ಏಳುವಾಗ ಆಧಾರಕ್ಕೆಂದು ಇನ್ನೊಂದು ಕೈ ಬಲತೊಡೆಯ ಮೇಲೆ ಬಿತ್ತು. ಆ ತೊಡೆ ನಡುಗುತ್ತಿತ್ತು. ಹಿಡಿದ ಹಕ್ಕಿಯ ಎದೆಯ ಹಾಗೆ ಒಳಗೊಳಗೇ ಅದುರುತ್ತಿತ್ತು. ಮುರಿಯದ ಕಾಲು, ಒಳ್ಳೆಯ ಕಾಲು. ದೀಪಾವಳಿಯಿಂದ ನಾನು ಅದರ ಕಡೆ ಸರಿಯಾಗಿ ನೋಡಿರಲಿಲ್ಲ. ಇಟ್ಟಿಗೆ, ಟ್ಯೂಬು, ಉಸುಕು, ಎಲ್ಲ ಎಡಗಾಲಿಗೆ.

"ಎರಡು ದಿನ ಆತ್ರಿ," ಎಂದರು ಅವರು ಮೆಲ್ಲಗೆ. "ಏರು ಬಂದಾಗ ಎಡಗಾಲು ಮುಂದ ಹಾಕತೇನಿ. ಅದು ಎಳಕೊಂಡು ಹೋಗ್ತೈತಿ."

ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಮುರಿದು ರಾಡು ಹಾಕಿದ ಕಾಲು ಎರಡು ದಿನದಿಂದ ಮುರಿಯದ ಕಾಲನ್ನು ಹೊತ್ತು ತಂದಿತ್ತು. ನನಗೆ ತಿಳಿದ ಯಾವ ಲೆಕ್ಕದಲ್ಲೂ ಅದು ಇರಲಿಲ್ಲ. ಫೋನ್ ತೆಗೆದು ವೈನಿಗೆ ಹಚ್ಚಿದೆ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಸುಮ್ಮನಿರಬಹುದಿತ್ತು, ಮನಸ್ಸು ಬರಲಿಲ್ಲ.

"ವೈನಿ, ಎಡಗಾಲು ನಡಗಲಿಲ್ಲ. ಬಲಗಾಲು ನಡಗಾಕತ್ತೈತ್ರಿ."

ಆ ಕಡೆಯಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಅವರೇ ತುಳಿಯುತ್ತಿದ್ದರೆಂದು ತೋರುತ್ತದೆ. ಅದು ನಿಂತಿತು.

"ಹರಕಿ ಬಲಗಾಲಿಂದಲ್ಲ," ಅಂದರು. "ನಡಗಲಿ. ಏರಿಸು."

ಬಲತೊಡೆಗೆ ಎಣ್ಣೆ ತಿಕ್ಕಿ, ಸೈಕಲ್ ಟ್ಯೂಬನ್ನು ಮಂಡಿಯ ಮೇಲೆ ಬಿಗಿಯಾಗಿ ಸುತ್ತಿದೆ. ನೆರಳು ಉದ್ದವಾಗುವ ತನಕ ಕೂರಿಸಿ, ಅರ್ಧರ್ಧ ತಾಸಿಗೆ ಕೂರಬೇಕೆಂದು ಗುಂಪಿನವರಿಗೆ ಹೇಳಿ, ಪಾದ ಕಟ್ಟಿದೆ. ಅವರು ಎದ್ದರು. ಸೇತುವೆಯ ಮೇಲೆ ಒಬ್ಬರ ಹಿಂದೆ ಒಬ್ಬರು ಹೋದರು. ಕೆಳಗೆ ಕೃಷ್ಣೆಯ ನೀರು, ಮೇಲೆ ಆಕಾಶ, ನಡುವೆ ಆ ಉದ್ದನೆಯ ಕಾಲುಗಳು. ಮಣ್ಣಿನ ದಾರಿಯಲ್ಲಿ ಕೇಳದ ಸದ್ದು ಸೇತುವೆಯ ಮೇಲೆ ಕೇಳಿತು: ಟಕ್, ಟಕ್, ಟಕ್. ಎಡಗಾಲಿನದು ಸ್ವಲ್ಪ ಜೋರು. ಅವರು ಆಚೆ ದಡ ಸೇರುವ ತನಕ ನಾನು ಬರಿಗಾಲಿನಲ್ಲಿ ನಿಂತಿದ್ದೆ. ಬೂಟು ಯಾವಾಗ ಬಿಚ್ಚಿದೆನೋ ನೆನಪಿಲ್ಲ.

ಯುಗಾದಿಗೆ ಮುಂಚಿನ ದಿನ ಶ್ರೀಶೈಲದಿಂದ ಟೇಲರ್ ಅವರ ಫೋನ್ ಬಂತು. ಗದ್ದಲದಲ್ಲಿ ಅವರ ದನಿ ಸರಿಯಾಗಿ ಕೇಳುತ್ತಿರಲಿಲ್ಲ.

"ಕಾಲು ಹೆಂಗ ಅದಾವ್ರಿ ಅಣ್ಣಾರ? ಎಡಗಾಲು?" ಎಂದು ಕೂಗಿದೆ.

"ಯಾವುದು ಎಡಗಾಲು, ಯಾವುದು ಬಲಗಾಲು ಅನ್ನೂದ ಮರತೈತ್ರಿ ಸರ," ಅಂದರು.